ಆಳೆತ್ತರದ ಊರು

ಹುಬ್ಬಳ್ಳಿ ದಾಟಿ ಹಾವೇರಿ ಕಡೆ ಹೊರಟವರು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಗಾಡಿ ನಿಲ್ಲಿಸಲೇಬೇಕು. ಹೆದ್ದಾರಿಗೆ ಅಂಟಿಕೊಂಡೇ ಉತ್ಸವ ರಾಕ್ ಗಾರ್ಡನ್ ಇದೆ. ಹೆಸರು ಕೇಳಿದರೆ ಚಂಡೀಗಡದಲ್ಲಿ ನೇಕ್ ಚಂದ್ ಕಟ್ಟಿದ ರಾಕ್ ಗಾರ್ಡನ್ ನೆನಪಾಗುವುದು ಸಹಜ. ಅಲ್ಲಿಯದು ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಎದ್ದ ಕನಸಿನ ಲೋಕ. ಇಲ್ಲಿ ಮಾತ್ರ ಸಿಮೆಂಟಿನ ಮೂರ್ತಿಗಳ ಅಪ್ಪಟ ಉತ್ತರ ಕರ್ನಾಟಕದ ಹಳ್ಳಿ.

ಕಲಾವಿದ ಟಿ.ಬಿ. ಸೊಲಬಕ್ಕನವರ ಕೈಯಲ್ಲಿ ಮೂಡಿದ ಊರು ಇದು. ಅವರು ದೊಡ್ಡಾಟವೆಂಬ ಬಯಲಾಟಕ್ಕೆ ಮನಸೋತವರು. ಆಟದವರ ನಿಲುವು, ಕೈಕಾಲಿನ ಪಟ್ಟುಗಳನ್ನು ಬಲ್ಲವರಾದ್ದರಿಂದಲೋ ಏನೋ, ಇಲ್ಲಿನ ಮೂರ್ತಿಗಳು ಸುಮ್ಮನೆ ನಿಂತಿಲ್ಲ, ಕೆಲಸದಲ್ಲಿ ಮುಳುಗಿವೆ. ಬಾಗಿಲಲ್ಲಿ ರಾಜಕುಮಾರ್ ತಮ್ಮ ಸಿನಿಮಾ ಪಾತ್ರಗಳ ವೇಷದಲ್ಲಿ ಬರಮಾಡಿಕೊಳ್ಳುತ್ತಾರೆ. ಅದು ಫೋಟೊದವರಿಗೆ. ನೀವು ಬೇಗ ಒಳಗೆ ನಡೆಯಿರಿ.

ಎತ್ತರದ ಮಾತಿಗೆ ಬಂದರೆ, ಮುರುಡೇಶ್ವರದ ಶಿವ 123 ಅಡಿ. ಅದರ ಗಾಂಭೀರ್ಯ ಅದಕ್ಕೆ. ಆದರೆ ಈಗ ರಸ್ತೆ ಬದಿಗೆ ಏನು ನಿಲ್ಲಿಸಿದರೂ ಎತ್ತರವೇ ಮಾತಾಗಿಬಿಟ್ಟಿದೆ. ಗೊಟಗೋಡಿಯಲ್ಲಿ ಎಲ್ಲವೂ ಆಳೆತ್ತರ. ರೈತ ನಿಮ್ಮಷ್ಟೇ ಎತ್ತರ, ಎಮ್ಮೆ ಎಮ್ಮೆಯಷ್ಟೇ. ಎದುರಿಗೆ ನಿಂತರೆ ಕಣ್ಣಿಗೆ ಕಣ್ಣು ಸಿಗುತ್ತದೆ. ನನ್ನ ಲೆಕ್ಕದಲ್ಲಿ ಈ ಜಾಗದ ದೊಡ್ಡತನವೆಲ್ಲ ಅಲ್ಲೇ ಇದೆ.

ಇಲ್ಲಿ ಮೂರ್ತಿಯಷ್ಟೇ ನೋಡಬೇಕಾದದ್ದು ನೋಡಲು ಬಂದವರನ್ನು. ಕಮ್ಮಾರನ ಮೂರ್ತಿಯ ಮುಂದೆ ಒಬ್ಬ ಅಜ್ಜ, ಜತೆಗೆ ಪೇಟೆಯಲ್ಲಿ ಓದುವ ಮೊಮ್ಮಗ. "ಹಿಂಗ ಜಗ್ಗಬೇಕು ನೋಡಪಾ, ಗಾಳಿ ಬಿಡಾಕ ಹತ್ತತೈತಿ" ಎಂದು ಅಜ್ಜ ಇಲ್ಲದ ತಿದಿಯ ಸರಪಳಿ ಹಿಡಿದು ತೋಳು ಮೇಲೆ ಕೆಳಗೆ ಆಡಿಸಿದರು. ಹುಡುಗನೂ ಜಗ್ಗಿದ. "ಅವಸರ ಮಾಡಬ್ಯಾಡ, ಕೆಂಡ ಹಾರ್ತೈತಿ." ಸಿಮೆಂಟಿನ ಕುಲುಮೆಗೆ ಇಬ್ಬರೂ ಗಾಳಿ ಊದಿದರು. ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿ ಕೂರಿಗೆ, ಕುಂಟೆಗಳನ್ನು ಗೋಡೆಗೆ ಒರಗಿಸಿ ಚೀಟಿ ಅಂಟಿಸಿರುತ್ತಾರೆ. ಹಿಡಿಯುವ ಕೈ, ಬಗ್ಗುವ ಬೆನ್ನು ಕಾಣದೆ ಉಪಕರಣ ಅರ್ಥವಾಗುವುದು ಕಷ್ಟ. ಸೊಲಬಕ್ಕನವರು ಆ ಬೆನ್ನನ್ನು ಉಳಿಸಿಕೊಟ್ಟರು.

ಅವರು 2020ರಲ್ಲಿ ತೀರಿಕೊಂಡರು. ಇನ್ನು ಮೂರ್ತಿಗಳ ಬಣ್ಣ ಬಿಸಿಲು ಮಳೆಗೆ ಮೈಯೊಡ್ಡಿದ್ದು. ಕಾಲಕಾಲಕ್ಕೆ ಕುಂಚ ಆಡದಿದ್ದರೆ ಮುಖದ ಕಳೆ ಹೋಗುತ್ತದೆ. ಕುಂಚ ಹಿಡಿದವರಿಗೆ ಕೂರಿಗೆ ಹಿಡಿದವರ ಪರಿಚಯವೂ ಇರಬೇಕು. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇದೇ ಗೊಟಗೋಡಿಯಲ್ಲಿ. ಅಲ್ಲಿನ ಹುಡುಗರು ಇಲ್ಲಿ ಬಂದು ಹಿರಿಯರು ಆಡುವ ಮಾತನ್ನು ಬರೆದುಕೊಳ್ಳಬೇಕು ಎಂಬುದು ನನ್ನ ಆಸೆ.

ಹೋಗುವುದಾದರೆ ನಡುಮಧ್ಯಾಹ್ನ ಬೇಡ, ಬಿಸಿಲಿಗೆ ಬಣ್ಣವೆಲ್ಲ ಒಂದೇ ಆಗಿ ಕಾಣುತ್ತದೆ. ಒಕ್ಕಲುತನ ಮಾಡಿದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಅವರನ್ನೇ ಮುಂದೆ ಬಿಡಿ. ಹೊತ್ತು ಉಳಿದರೆ ಇದೇ ತಾಲ್ಲೂಕಿನ ಬಾಡಕ್ಕೆ ಹೋಗಿಬನ್ನಿ, ಅದು ಕನಕದಾಸರ ಊರು.