ಉಪಶಮನವೋ ಯಾಪನವೋ? — ಒಂದು ಪರಿಭಾಷಾವಿಮರ್ಶೆ

ಶಸ್ತ್ರಕ್ಕೆ ನಿಲುಕದ ಅರ್ಬುದವು ಪಿತ್ತನಾಳವನ್ನು ಒತ್ತಿ ಮುಚ್ಚಿದರೆ, ಪಿತ್ತವು ಕರುಳಿಗೆ ಇಳಿಯದೆ ರಕ್ತವನ್ನು ಸೇರುತ್ತದೆ. ಕಣ್ಣು, ಮೈ ಹಳದಿಯಾಗುತ್ತವೆ; ಸಹಿಸಲಾಗದ ತುರಿ ಹುಟ್ಟುತ್ತದೆ; ಮಲವು ಬಿಳಿಚುತ್ತದೆ. ಆಗ ಎಂಡೋಸ್ಕೋಪನ್ನು ಬಾಯಿಯಿಂದ ಸಣ್ಣಕರುಳಿನ ಮೊದಲ ಭಾಗದವರೆಗೆ ಇಳಿಸಿ, ಪಿತ್ತನಾಳದ ಬಾಯಿಯೊಳಗೆ ತಂತಿ ತೂರಿಸಿ, ಅದರ ಮೇಲೆ ಸ್ಟೆಂಟ್ ಎಂಬ ನಳಿಗೆಯನ್ನು ಕೂಡಿಸುವರು. ಈ ಕ್ರಮವನ್ನು ಹ್ಯಾಂಬರ್ಗಿನ ನಿಬ್ ಸೋಹೇಂದ್ರರು ತಮ್ಮ ಸಹೋದ್ಯೋಗಿಯೊಡನೆ 1979ರಲ್ಲಿ ಪ್ರಕಟಿಸಿದರು. ಇಂತಹ ಚಿಕಿತ್ಸೆಗೆ ಕನ್ನಡದಲ್ಲಿ 'ಉಪಶಮನ' ಎಂಬ ಹೆಸರು ರೂಢಿಗೆ ಬಂದಿದೆ. ಇದು ಸಾಧುವೇ ಎಂಬುದು ಇಲ್ಲಿ ವಿಚಾರ್ಯ.

ವೈದ್ಯಶಾಸ್ತ್ರದಲ್ಲಿ ಶಮನವೆಂದರೆ ಕೆರಳಿದ ದೋಷವೇ ಶಾಂತವಾಗುವುದು. ಇಲ್ಲಿಯಾದರೋ ತೆರೆದುದು ಹಾದಿ ಮಾತ್ರ. ಅರ್ಬುದವು ಇದ್ದಂತೆಯೇ ಇದೆ. ಹಳದಿ ಇಳಿದುದನ್ನು ಕಂಡು, 'ಉಪಶಮನವಾಯಿತು' ಎಂಬ ಮಾತನ್ನು ಕೇಳಿದ ಬಂಧುಗಳು ರೋಗವೇ ಹೋಯಿತೆಂದು ತಿಳಿದರೆ ತಪ್ಪು ಅವರದಲ್ಲ, ಪದದ್ದು.

ಸುಶ್ರುತನು ಸೂತ್ರಸ್ಥಾನದ 23ನೆಯ ಅಧ್ಯಾಯದಲ್ಲಿ ಯಾಪ್ಯರೋಗಿಯನ್ನು ಬೀಳಲಿರುವ ಮನೆಗೂ, ತಕ್ಕ ಚಿಕಿತ್ಸೆಯನ್ನು ಅದಕ್ಕೆ ಚೆನ್ನಾಗಿ ಆನಿಸಿದ ಕಂಬಕ್ಕೂ ಹೋಲಿಸಿದ್ದಾನೆ. ಕಂಬವು ಮನೆಯನ್ನು ಹೊಸದಾಗಿಸದು, ನಿಲ್ಲಿಸುತ್ತದೆ. ಸ್ಟೆಂಟಿನ ಕಾರ್ಯವೂ ಇಷ್ಟೇ. ಆದುದರಿಂದ 'ಯಾಪನ'ವೆಂಬುದೇ ಯುಕ್ತವಾದ ಪದ.

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು. ಅರ್ಬುದವು ಅಸಾಧ್ಯವಾಗಿರಲು ಯಾಪ್ಯವೆನ್ನುವುದು ಹೇಗೆ ಎಂಬುದು ಮೊದಲನೆಯದು. ಅರ್ಬುದವು ಅಸಾಧ್ಯವೇ ಸರಿ. ಯಾಪ್ಯವಾದುದು ಅದರಿಂದಾದ ಪಥರೋಧ. ಈ ಭೇದವನ್ನು ಬಿಡಲಾಗದು. ಪಾಣಿನಿಯ 5ನೆಯ ಅಧ್ಯಾಯದಲ್ಲಿ 'ಯಾಪ್ಯ'ಕ್ಕೆ ನಿಂದ್ಯವೆಂಬ ಅರ್ಥವಿದೆಯಷ್ಟೆ ಎಂಬುದು ಎರಡನೆಯದು. ಅದಕ್ಕಾಗಿಯೇ ರೋಗಿಯನ್ನು ಯಾಪ್ಯನೆನ್ನದೆ ಚಿಕಿತ್ಸೆಯನ್ನು ಯಾಪನವೆನ್ನತಕ್ಕದ್ದು. ಕನ್ನಡದಲ್ಲಿ 'ಕಾಲಯಾಪನೆ'ಯು ವ್ಯರ್ಥವಾಗಿ ದಿನ ನೂಕುವುದೆಂಬ ಅರ್ಥಕ್ಕೆ ಇಳಿದಿದೆ ಎಂಬುದು ಮೂರನೆಯದು, ಬಲವಾದದ್ದು. ಆದರೆ ತುರಿಯಿಲ್ಲದೆ ನಿದ್ರಿಸಿದ ರಾತ್ರಿಯೂ, ರುಚಿಯರಿತು ಉಂಡ ತುತ್ತೂ ವ್ಯರ್ಥವೆಂದು ಯಾರು ಹೇಳಿಯಾರು?

ಪ್ರತ್ಯಕ್ಷಪ್ರಮಾಣವೂ ಈ ಪಕ್ಷಕ್ಕೇ ಅನುಕೂಲ. ಆಮ್ಸ್ಟರ್‌ಡ್ಯಾಮಿನ ವೈದ್ಯರು 1992ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಪ್ಲಾಸ್ಟಿಕ್ ನಳಿಗೆಗಳು ತೆರೆದಿದ್ದ ಅವಧಿಯ ಮಧ್ಯಮಾನ 126 ದಿನ, ತಾನೇ ಅರಳುವ ಲೋಹದ ಜಾಲನಳಿಗೆಗಳದು 273 ದಿನ. ರೋಗಿಗಳ ಆಯುಷ್ಯದಲ್ಲಿ ಮಾತ್ರ ಗಣನೀಯವಾದ ಭೇದ ಕಾಣಲಿಲ್ಲ. ಕಂಬ ಗಟ್ಟಿಯಾದ ಮಾತ್ರಕ್ಕೆ ಗೋಡೆ ಗಟ್ಟಿಯಾಗಲಿಲ್ಲ.

ಪದದ ಶುದ್ಧಿಯಿಂದ ಆಗುವ ಉಪಕಾರವು ಪಂಡಿತರಿಗಷ್ಟೇ ಅಲ್ಲ. ಯಾಪನವೆಂದು ತಿಳಿದವನು ನಳಿಗೆಯು ಮತ್ತೆ ಕಟ್ಟಿಕೊಳ್ಳಬಹುದೆಂಬುದನ್ನೂ ತಿಳಿದಿರುತ್ತಾನೆ. ಚಳಿಜ್ವರವೋ ಹಳದಿಯೋ ಮರಳಿ ಬಂದರೆ ತಡಮಾಡದೆ ವೈದ್ಯರ ಬಳಿಗೆ ಓಡುತ್ತಾನೆ. ಉಪಶಮನವೆಂದು ನಂಬಿದವನು ನಾಳೆ ನೋಡೋಣವೆಂದು ಕುಳಿತಾನು. ಪರಿಭಾಷೆಯನ್ನು ಕಲ್ಪಿಸುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿಜ್ಞಾಪನೆ.