ಎಣಿಕೆಗೆ ಸಿಗದ ರೋಗಿಗಳು
ಮಲ್ಟಿಪಲ್ ಸ್ಕ್ಲೀರೋಸಿಸ್‌ನಲ್ಲಿ ನರತಂತುಗಳ ಮಯಲಿನ್ ಪೊರೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಹಾಳುಗೆಡಹುತ್ತದೆ. ಇದು ಶೀತ ದೇಶಗಳ ರೋಗವೆಂದು ನಂಬಲಾಗಿತ್ತು. ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಅವರು ಸಹೋದ್ಯೋಗಿಯೊಡನೆ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಆ ನಗರದಲ್ಲಿ ಲಕ್ಷಕ್ಕೆ ಸುಮಾರು 8 ರೋಗಿಗಳಿದ್ದಾರೆ. ಇದನ್ನು ಹೋಲುವ ನ್ಯೂರೋಮೈಲೈಟಿಸ್ ಆಪ್ಟಿಕಾವನ್ನು ಬೇರೆಯಾಗಿ ಎಣಿಸಿದ್ದು ನನಗೆ ಹೆಚ್ಚು ಮೆಚ್ಚುಗೆಯಾಯಿತು. ಏಕೆಂದರೆ ಮೊದಲನೆಯದಕ್ಕೆ ಕೊಡುವ ಇಂಟರ್‌ಫೆರಾನ್ ಬೀಟಾ ಎರಡನೆಯದನ್ನು ಉಲ್ಬಣಗೊಳಿಸಬಲ್ಲದು. ಅಕ್ವಪೊರಿನ್-4 ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ರಕ್ತದಲ್ಲಿ ಪತ್ತೆಹಚ್ಚಿ ಎರಡನ್ನೂ ಬೇರ್ಪಡಿಸಬಹುದು.

ಐದು ಲಕ್ಷ ಜನರ ನಗರಕ್ಕೆ ಇದು ಸುಮಾರು 40 ರೋಗಿಗಳ ಲೆಕ್ಕ. ಗೈಗರ್ ಗಣಕದೊಡನೆ ಕೆಲಸ ಮಾಡಿದ ವಿದ್ಯಾರ್ಥಿ ದೋಷವನ್ನು ವರ್ಗಮೂಲದಿಂದ 6 ಎನ್ನುತ್ತಾನೆ. ನನ್ನ ಆಕ್ಷೇಪ ಅಲ್ಲಿಲ್ಲ, ಗಣಕದ ದಕ್ಷತೆಯಲ್ಲಿದೆ. ಇಲ್ಲಿ ಗಣಕವೆಂದರೆ ನರತಜ್ಞರು ಮತ್ತು ಎಂ.ಆರ್.ಐ. ಮೂಡಿಗೆರೆಯ ಜಾವಳಿಯಂಥ ಊರಿನ ತೋಟದ ಕೂಲಿಯಾಳಿಗೆ ಕಣ್ಣು ಮಂಜಾಗಿ ಕೆಲವು ವಾರಗಳಲ್ಲಿ ತಾನೇ ಸರಿಹೋದರೆ, ಆಕೆ ಚಾರ್ಮಾಡಿ ಘಾಟಿ ಇಳಿದು ಬಂದಾಳೆಯೆ? ಲೇಖಕರು ಶೀರ್ಷಿಕೆಯಲ್ಲೇ ‘ನಗರ’ ಎಂದಿದ್ದಾರೆ. ಆ ಸಂಖ್ಯೆಯನ್ನು ಘಟ್ಟಕ್ಕೆ ಹತ್ತಿಸುವಂತಿಲ್ಲ.

ಡಾ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ 1,02,557 ಜನರನ್ನು ಮನೆಮನೆಗೆ ಹೋಗಿ ಸಮೀಕ್ಷಿಸಿದಾಗ (ವರದಿ 2004) ಒಟ್ಟು ನರರೋಗಗಳ ಪ್ರಮಾಣ ಹಳ್ಳಿಗಳಲ್ಲಿ ನಗರದ ಹೆಚ್ಚುಕಡಿಮೆ ಎರಡರಷ್ಟಿತ್ತು. ಇಷ್ಟು ಅಪರೂಪದ ರೋಗಕ್ಕೆ ಲಕ್ಷ ಜನ ಸಾಲರು, ನಿಜ. ಆದರೆ ಘಟ್ಟದಲ್ಲಿ ನಡೆಯಬೇಕಾದ ಎಣಿಕೆ ಆ ಬಗೆಯದೇ.