ಹಳೆಯ ಸ್ಕೈರಿಮ್ ಮತ್ತೆ ಕೊಳ್ಳಬೇಕೇ? ಮಾಡ್ ರಸಿಕರಿಗೊಂದು ಕೈಪಿಡಿ

ಹಳೆಯ ಗೇಮಿಗೆ ಸುಣ್ಣಬಣ್ಣ ಹೊಡೆದು ಮತ್ತೆ ಮಾರಾಟಕ್ಕಿಟ್ಟರೆ ದುಡ್ಡು ಕೊಡಬೇಕೇ? ಬರೀ ಸುಣ್ಣಬಣ್ಣವಾದರೆ ಬೇಡ. ಕನ್ಸೋಲಿನಲ್ಲೂ ಮಾಡ್ ಹಾಕಿಕೊಳ್ಳಲು ಬಿಟ್ಟಿದ್ದಾರೆಂದರೆ ಖಂಡಿತ ಕೊಡಿ. ‘ಸ್ಕೈರಿಮ್ ಸ್ಪೆಷಲ್ ಎಡಿಷನ್’ ಆಡಿದರೆ ಈ ಮಾತು ಮನದಟ್ಟಾಗುತ್ತದೆ.

ಬೆಥೆಸ್ಡಾದ ಸ್ಕೈರಿಮ್ ಬಂದದ್ದು 2011ರ ನವೆಂಬರಿನಲ್ಲಿ. ಆಟಗಾರರೇ ತಯಾರಿಸಿ ಹಂಚುವ ತಿದ್ದುಪಡಿಗಳನ್ನು, ಅಂದರೆ ಮಾಡ್‌ಗಳನ್ನು, ಪಿಸಿಯವರು ಬೇಕಾದಷ್ಟು ಹಾಕಿಕೊಂಡರು. ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3 ಇದ್ದವರಿಗೆ ಆ ಭಾಗ್ಯವಿರಲಿಲ್ಲ. 2016ರ ಅಕ್ಟೋಬರ್ 28ಕ್ಕೆ ಬಂದ ಸ್ಪೆಷಲ್ ಎಡಿಷನ್ ಎಕ್ಸ್‌ಬಾಕ್ಸ್ ಒನ್, ಪ್ಲೇಸ್ಟೇಷನ್ 4ರವರಿಗೂ ಅದನ್ನು ಕೊಟ್ಟಿತು.

ಮೊದಲ ಕೆಲವು ದಿನ ಯಾವ ಮಾಡ್ ಕೂಡ ಬೇಡ. ಗೇಮ್ ಶುರುವಾಗುವ ಹೆಲ್ಗೆನ್ ಊರಿನಿಂದ ಪಾರಾಗಿ ರಿವರ್‌ವುಡ್ ಹಳ್ಳಿಯ ಕಡೆ ನಡೆಯುವಾಗ ಮರಗಳ ಸಂದಿಯಿಂದ ಇಳಿದು ಬರುವ ಬಿಸಿಲಕೋಲುಗಳನ್ನು ನೋಡಿ. ಅವು ರಿಮಾಸ್ಟರಿನ ಕೊಡುಗೆ. ಮಾಡ್ ಇಲ್ಲದ ರೂಪ ಕಣ್ಣಿಗೆ ಪಳಗದಿದ್ದರೆ ಮಾಡ್ ಏನು ಬದಲಿಸಿತೆಂಬುದೇ ತಿಳಿಯುವುದಿಲ್ಲ.

ಆಮೇಲೆ ಬೆಳಕನ್ನು ತಿದ್ದುವ ಮಾಡ್ ಒಂದನ್ನು ಹಾಕಿ ವೈಟ್‌ರನ್ ಊರಿನ ‘ಬ್ಯಾನರ್ಡ್ ಮೇರ್’ ಛತ್ರದೊಳಕ್ಕೆ ಹೋಗಿ. ಮೂಲ ಗೇಮಿನ ಒಳಾಂಗಣಗಳಲ್ಲಿ ದೀಪವೇ ಇಲ್ಲದ ಕಡೆಯೂ ಬೆಳಕು ಹರಡಿರುತ್ತದೆ. ಒಳ್ಳೆಯ ಮಾಡ್ ಆ ಸುಳ್ಳು ಬೆಳಕನ್ನು ತೆಗೆದುಹಾಕುತ್ತದೆ. ಆಗ ನಡುಮನೆಯ ಬೆಂಕಿಗುಂಡಿಯೇ ಕೋಣೆಯ ಒಡೆಯ: ಅದರ ಸುತ್ತ ಕುಳಿತವರ ಮುಖ ಕೆಂಪಗೆ, ಮೂಲೆಗಳು ಕಪ್ಪಗೆ. ಹೊರಗಿನ ಚಳಿ ಆಗ ಮೈಗೆ ತಟ್ಟುತ್ತದೆ. ಒಂದು ಹೊಸ ಖಡ್ಗವನ್ನೂ ಸೇರಿಸದೆ ಇಡೀ ಛತ್ರದ ಭಾವವನ್ನೇ ಬದಲಿಸಿದ ಆ ಕೈಚಳಕಕ್ಕೆ ನಾನು ಮನಸೋತಿದ್ದೇನೆ.

ಕಥೆಯ ಬಾಗಿಲನ್ನೇ ಬದಲಿಸುವ ಮಾಡ್‌ಗಳೂ ಇವೆ. ‘ಆಲ್ಟರ್ನೇಟ್ ಸ್ಟಾರ್ಟ್’ ಹಾಕಿದರೆ ಗೇಮಿನ ಆರಂಭದ ಸೆರೆಯಾಳುಗಳ ಗಾಡಿಯ ಪ್ರಯಾಣವಿಲ್ಲ; ಸೆರೆಮನೆಯ ಕೋಣೆಯೊಂದರಲ್ಲಿ ಮಾರಾ ದೇವಿಯ ವಿಗ್ರಹದ ಮುಂದೆ ನಿಮ್ಮ ಬದುಕನ್ನು ನೀವೇ ಆರಿಸಿಕೊಳ್ಳುತ್ತೀರಿ. ಎರಡನೇ ಸಲ ಆಡುವವರಿಗೆ ಇದು ವರ.

ಆದರೆ ಕನ್ಸೋಲಿನಲ್ಲಿ ಮಿತಿಗಳಿವೆ. ಮಾಡ್‌ಗಳಿಗೆಂದು ಎಕ್ಸ್‌ಬಾಕ್ಸ್ ಒನ್‌ನಲ್ಲಿ ಸಿಗುವ ಜಾಗ 5 ಜಿಬಿ, ಪ್ಲೇಸ್ಟೇಷನ್ 4ರಲ್ಲಿ 1 ಜಿಬಿ. ಸೋನಿಯ ಕಟ್ಟಳೆ ಇನ್ನೂ ಬಿಗಿ: ಹೊರಗಿನ ಚಿತ್ರ, ಆಕೃತಿ, ದನಿ ಯಾವುದನ್ನೂ ತರುವಂತಿಲ್ಲ, ಗೇಮಿನೊಳಗೆ ಇರುವುದರಲ್ಲೇ ಎಲ್ಲವನ್ನೂ ಕಟ್ಟಬೇಕು. ಆದರೂ ಪ್ಲೇಸ್ಟೇಷನ್ ಮಾಡ್‌ಗಳನ್ನು ಕಡೆಗಣಿಸಬೇಡಿ. ಗೇಮಿನಲ್ಲಿದ್ದ ಕಲ್ಲು, ತೊಲೆ, ಪೀಪಾಯಿ, ಗಿಡಗಳನ್ನೇ ಜೋಡಿಸಿ ಯಾರೋ ಹೊಸ ಮನೆ ಕಟ್ಟಿರುತ್ತಾರೆ. ಒಲೆಯ ಪಕ್ಕದ ಕಪಾಟು ಎಲ್ಲಿಂದ ಬಂತು, ಗೋಡೆಯಾಗಿ ನಿಂತದ್ದು ಮೊದಲು ಯಾವ ಗುಹೆಯದಾಗಿತ್ತು ಎಂದು ಹುಡುಕುತ್ತಾ ಓಡಾಡಿ. ರಸಿಕತೆ ಬೆಳೆಯುವುದು ಇಲ್ಲೇ.

ಕೆಲವು ವ್ಯಾವಹಾರಿಕ ಮಾತು. ಒಂದೇ ವಸ್ತುವನ್ನು ಎರಡು ಮಾಡ್‌ಗಳು ಮುಟ್ಟಿದರೆ ಪಟ್ಟಿಯಲ್ಲಿ ಕೆಳಗಿದ್ದದ್ದೇ ಗೆಲ್ಲುತ್ತದೆ. ಈ ಸರದಿಯನ್ನು, ಅಂದರೆ ಲೋಡ್ ಆರ್ಡರನ್ನು, ನೋಡಿಕೊಳ್ಳಿ. ಆಟದ ನಡುವೆ ಮಾಡ್ ಕಿತ್ತರೆ ಸೇವ್ ಕೆಡಬಹುದು. ಮಾಡ್ ಹಾಕಿ ಆಡಿದರೆ ಟ್ರೋಫಿ, ಅಚೀವ್‌ಮೆಂಟ್ ಸಿಗುವುದಿಲ್ಲವೆಂಬುದು ಇಲ್ಲಿನ ಮೂಲ ನಿಯಮ.

ಪಿಸಿಯಲ್ಲಿ ಹಳೆಯ ಸ್ಕೈರಿಮನ್ನು ಮಾಡ್‌ಗಳಿಂದ ಸಿಂಗರಿಸಿಕೊಂಡವರು ಕನ್ಸೋಲಿಗೆಂದು ಇನ್ನೊಮ್ಮೆ ಖರ್ಚು ಮಾಡುವುದು ಬೇಡ. ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ಎಂಬ ಪಿಸಿ ಸಲಕರಣೆಯನ್ನು ನೆಚ್ಚಿದ ದೊಡ್ಡ ಮಾಡ್‌ಗಳು ಅಲ್ಲಿ ನಡೆಯುವುದಿಲ್ಲ. ಕನ್ಸೋಲ್ ಒಂದೇ ಇರುವವರು ಧೈರ್ಯವಾಗಿ ಕೊಳ್ಳಲಿ. ಆದರೆ ಯಾವ ಯಂತ್ರಕ್ಕೆಂದು ನೋಡಿ: 2017ರ ನಿಂಟೆಂಡೊ ಸ್ವಿಚ್ ಆವೃತ್ತಿ ಮಾಡ್‌ಗಳಿಲ್ಲದೆ ಬಂತು. ಬೆಥೆಸ್ಡಾದ್ದೇ ಇನ್ನೊಂದು ಹಳೆಯ ಗೇಮಿನ ಹೊಸ ರೂಪವಾಗಿ 2025ರ ಏಪ್ರಿಲಿನಲ್ಲಿ ಬಂದ ‘ಒಬ್ಲಿವಿಯನ್ ರಿಮಾಸ್ಟರ್ಡ್’ ನೋಡಲು ಎಷ್ಟು ಚೆಂದವಿದ್ದರೂ ಅಧಿಕೃತ ಮಾಡ್ ಬೆಂಬಲವಿಲ್ಲದೆ ಬಿಡುಗಡೆಯಾಯಿತು. ಕನ್ಸೋಲಿನಲ್ಲಿ ಸ್ಕೈರಿಮ್, ಒಬ್ಲಿವಿಯನ್‌ಗಳ ಪೈಕಿ ಒಂದನ್ನು ಆರಿಸಿ ಎಂದರೆ ನಾನು ಹಳೆಯ ಸ್ಕೈರಿಮನ್ನೇ ಆರಿಸುತ್ತೇನೆ.